ಹಾವೇರಿ ಸೀಮೆಯ ಉಗಿಬಂಡಿ ಕಾಲ: ಮನೆಯೊಳಗೊಂದು ಕಿರು ರೈಲುಮಾರ್ಗ

ಒಂದು ರೈಲು ನಿಲ್ದಾಣವನ್ನು ಅದರ ಹಳಿ, ಕೈಕಂಬ, ಗೋದಾಮು ಹಾಗೂ ಸುತ್ತಲಿನ ಹೊಲಗಳ ಸಮೇತ ನಿಗದಿತ ಪ್ರಮಾಣದಲ್ಲಿ ಕುಗ್ಗಿಸಿ, ಮನೆಯ ಕೋಣೆಯಲ್ಲಿ ಕಟ್ಟಿ, ಅದರ ಮೇಲೆ ಪುಟ್ಟ ರೈಲುಗಳನ್ನು ಓಡಿಸುವುದು ಜಗತ್ತಿನ ಹಳೆಯ ಹವ್ಯಾಸಗಳಲ್ಲೊಂದು. ಹವ್ಯಾಸಿಗಳು ಇಂತಹ ರಚನೆಯನ್ನು 'ಲೇಔಟ್' ಎಂದು ಕರೆಯುತ್ತಾರೆ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಆಟಿಕೆ ರೈಲುಗಳಿಗೆ ನಿಶ್ಚಿತ ಹಳಿ ಅಗಲಗಳನ್ನು ಗೊತ್ತುಪಡಿಸಿದ ಬಳಿಕ ಈ ಹವ್ಯಾಸಕ್ಕೆ ಒಂದು ಶಿಸ್ತು ಬಂದಿತು. ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ಆರಂಭವಾದ 'ಮಿನಿಯಾಟುರ್ ವುಂಡರ್‌ಲ್ಯಾಂಡ್' ಇಂದು ಜಗತ್ಪ್ರಸಿದ್ಧ. ನೆರೆಯ ಪುಣೆಯಲ್ಲಿ 1998ರಿಂದ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯವಿದೆ.

ಆದರೆ ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ಸಾಮಗ್ರಿ ಬಹುಪಾಲು ಯುರೋಪ್, ಅಮೆರಿಕ ಮತ್ತು ಜಪಾನಿನ ರೈಲುಗಳದ್ದು. ಅದನ್ನೇ ಕೊಂಡು ಜೋಡಿಸಿದರೆ ಕನ್ನಡಿಗರ ಮನೆಯಲ್ಲೂ ಜರ್ಮನಿಯ ಹಳ್ಳಿಯೇ ಮೂಡುತ್ತದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಜನ ಕಂಡಿದ್ದ ಮೀಟರ್‌ಗೇಜ್ ಉಗಿಬಂಡಿಯ ಲೋಕ ಹಳಿಯ ಮೇಲಿಂದ ಎಂದೋ ಮರೆಯಾಗಿದೆ. ಅದನ್ನು ಅಳತೆ ತಪ್ಪದಂತೆ ಮರಳಿ ಕಟ್ಟಲು ಮಾದರಿ ರೈಲುಮಾರ್ಗ ಒಂದು ದಾರಿ. ಹಾಗೆ ಕಟ್ಟಬಯಸುವವರಿಗೆ ಬೇಕಾದ ಹಿನ್ನೆಲೆ ಮತ್ತು ವಿಧಾನಗಳನ್ನು ಈ ಲೇಖನ ವಿವರಿಸುತ್ತದೆ.

ಮಾರ್ಗದ ಹಿನ್ನೆಲೆ

1876–78ರ ಭೀಕರ ಬರಗಾಲದ ನಂತರ ಮುಂಬಯಿ ಕರ್ನಾಟಕದ ಬಯಲುಸೀಮೆಗೆ ಧಾನ್ಯ ಸಾಗಿಸುವ ಮಾರ್ಗಗಳ ಅಗತ್ಯ ಮನಗಂಡು ಸದರ್ನ್ ಮರಾಠಾ ರೈಲ್ವೆ ಕಂಪನಿಯನ್ನು 1882ರಲ್ಲಿ ಸ್ಥಾಪಿಸಲಾಯಿತು. ಈ ಕಂಪನಿ ಹಾಸಿದ್ದು ಒಂದು ಮೀಟರ್ ಅಗಲದ ಹಳಿ. ಹುಬ್ಬಳ್ಳಿ ಅದರ ಪ್ರಮುಖ ಕೇಂದ್ರವಾಯಿತು. ಅಲ್ಲಿಂದ ದಕ್ಷಿಣಕ್ಕೆ ಕುಂದಗೋಳ, ಗುಡಗೇರಿ, ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾದು ತುಂಗಭದ್ರೆಯನ್ನು ದಾಟಿ ಹರಿಹರ ಸೇರುವ ಮಾರ್ಗ 1880ರ ದಶಕದಲ್ಲಿ ಸಿದ್ಧವಾಯಿತು. ಕಂಪನಿಯು 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1951ರಲ್ಲಿ ಇದು ದಕ್ಷಿಣ ರೈಲ್ವೆಗೆ ಸೇರಿತು. 1966ರಲ್ಲಿ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೂ, 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆಗೂ ಹೋಯಿತು. 1990ರ ದಶಕದಲ್ಲಿ ಮಾರ್ಗವು ಬ್ರಾಡ್‌ಗೇಜ್‌ಗೆ ಪರಿವರ್ತನೆಯಾಯಿತು. ಈಗ ಅದೇ ಮಾರ್ಗದಲ್ಲಿ ವಿದ್ಯುತ್ ತಂತಿಯ ಕೆಳಗೆ, 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತದೆ.

ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ಇತಿಹಾಸದಲ್ಲಿ ಒಂದು ವಿಶೇಷವಿದೆ. ಸವಣೂರು ತಾಲ್ಲೂಕಿನ ಯಲವಿಗಿಯನ್ನು ರೈಲು ಮುಟ್ಟಿತು. ಆದರೆ ಹಾನಗಲ್, ಶಿಗ್ಗಾವಿ ಮತ್ತು ಹಿರೇಕೆರೂರು ಪಟ್ಟಣಗಳಿಗೆ ಹಳಿ ಬರಲೇ ಇಲ್ಲ. ಆ ಊರುಗಳವರ ಪಾಲಿಗೆ ರೈಲು ಎಂದರೆ ಮೊದಲು ಚಕ್ಕಡಿಯಲ್ಲಿ, ಅನಂತರ ಬಸ್ಸಿನಲ್ಲಿ ಹಾವೇರಿಗೋ ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗಿ ಹಿಡಿಯಬೇಕಾದ ಗಾಡಿ. ಆದ್ದರಿಂದ ಈ ಸೀಮೆಯ ಲೇಔಟಿನಲ್ಲಿ ಹಳಿಯಷ್ಟೇ ಮುಖ್ಯವಾದದ್ದು ನಿಲ್ದಾಣಕ್ಕೆ ಬಂದು ಸೇರುವ ರಸ್ತೆ.

ಯಾವ ಕಾಲ, ಯಾವ ನಿಲ್ದಾಣ

ಕಟ್ಟುವ ಮೊದಲು ಕಾಲವನ್ನು ನಿಶ್ಚಯಿಸಿಕೊಳ್ಳಬೇಕು. 'ಉಗಿಬಂಡಿಯ ಕಾಲ' ಎಂಬುದು ನೂರು ವರ್ಷಗಳಷ್ಟು ದೀರ್ಘವಾದದ್ದು. ಆ ಅವಧಿಯಲ್ಲಿ ಎಲ್ಲವೂ ಬದಲಾಗಿವೆ. 1948ರವರೆಗೆ ಸವಣೂರು ನವಾಬರ ಸಂಸ್ಥಾನ. 1956ರ ನವೆಂಬರ್ 1ರವರೆಗೆ ತುಂಗಭದ್ರೆಯ ಈಚೆ ದಡ ಮುಂಬಯಿ ಪ್ರಾಂತ್ಯಕ್ಕೂ ಆಚೆಯ ಹರಿಹರ ಮೈಸೂರಿಗೂ ಸೇರಿದ್ದವು. ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಉಗಿಬಂಡಿಯ ಕಾಲದುದ್ದಕ್ಕೂ ಈ ಪ್ರದೇಶ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಬೋಗಿಯ ಮೇಲಿನ ಅಕ್ಷರ, ನಿಲ್ದಾಣದ ಫಲಕದ ಭಾಷೆ, ಅಂಗಡಿಯ ಹಲಗೆ, ರಸ್ತೆಯಲ್ಲಿ ನಿಂತ ವಾಹನ, ಇವೆಲ್ಲ ಒಂದೇ ಕಾಲಕ್ಕೆ ಹೊಂದಬೇಕು.

ಹೊಸಬರಿಗೆ 1956ರಿಂದ 1970ರ ದಶಕದ ಕೊನೆಯವರೆಗಿನ ಅವಧಿ ಅನುಕೂಲ. ಆ ದಿನಗಳನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಸ್ವಾತಂತ್ರ್ಯಾನಂತರ ಭಾರತದ ಮೀಟರ್‌ಗೇಜ್ ಜಾಲದಲ್ಲೆಲ್ಲ ಹರಡಿದ ಎರಡು ಎಂಜಿನ್‌ಗಳು ಈ ಕಾಲದ ಗುರುತು. ಪ್ರಯಾಣಿಕರ ಗಾಡಿಗೆ ವೈಪಿ, ಸರಕಿನ ಗಾಡಿಗೆ ವೈಜಿ. ವೈಪಿ ಎಂಜಿನ್‌ಗೆ ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು ಸಣ್ಣ ಗಾಲಿ. ವೈಜಿಗೆ ಎರಡು, ಎಂಟು, ಎರಡು. 1949ರಿಂದ ಸುಮಾರು ಎರಡು ದಶಕಗಳಲ್ಲಿ 800ಕ್ಕೂ ಹೆಚ್ಚು ವೈಪಿಗಳೂ 1,000ಕ್ಕೂ ಹೆಚ್ಚು ವೈಜಿಗಳೂ ತಯಾರಾದವು. ಅವುಗಳಲ್ಲಿ ಬಹಳಷ್ಟು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲಿ ಹುಟ್ಟಿದವು.

ನಿಲ್ದಾಣದ ಆಯ್ಕೆಯಲ್ಲಿ ಎರಡು ದಾರಿಗಳಿವೆ. ಹಾವೇರಿ, ಯಲವಿಗಿಯಂತಹ ನಿಜವಾದ ನಿಲ್ದಾಣವನ್ನೇ ಕಟ್ಟುವುದಾದರೆ ಪ್ರತಿ ಹಳಿ, ಪ್ರತಿ ಕಟ್ಟಡ ಎಲ್ಲಿತ್ತೆಂಬ ದಾಖಲೆ ಬೇಕು. ದಾಖಲೆ ಸಾಲದಿದ್ದರೆ ಕಲ್ಪಿತ ನಿಲ್ದಾಣವೇ ಹೆಚ್ಚು ಪ್ರಾಮಾಣಿಕ. ಊರಿನಿಂದ ದೂರವಿರುವ ನಿಲ್ದಾಣಕ್ಕೆ ಆ ಊರಿನ ಹೆಸರಿನ ಮುಂದೆ 'ರೋಡ್' ಎಂದು ಸೇರಿಸುವುದು ಭಾರತೀಯ ರೈಲ್ವೆಯ ಪದ್ಧತಿ. ಮಂತ್ರಾಲಯ ರೋಡ್, ಸುಬ್ರಹ್ಮಣ್ಯ ರೋಡ್ ಇದಕ್ಕೆ ಉದಾಹರಣೆ. ಅದರಂತೆ ಹಾವೇರಿಯ ಆಸುಪಾಸಿನಲ್ಲಿ 'ಹಾನಗಲ್ ರೋಡ್' ಎಂಬ ನಿಲ್ದಾಣವನ್ನು ಕಲ್ಪಿಸಿಕೊಂಡರೆ, ಹಳಿ ಕಾಣದ ಊರುಗಳೂ ರೈಲಿನ ಕಥೆಯೊಳಗೆ ಬರುತ್ತವೆ.

ಅಳತೆಯ ಪ್ರಶ್ನೆ

ಈ ಹವ್ಯಾಸದಲ್ಲಿ ಅತಿ ಹೆಚ್ಚು ಪ್ರಚಾರದಲ್ಲಿರುವ ಪ್ರಮಾಣ 'ಎಚ್‌ಒ', ಅಂದರೆ 87ರಲ್ಲಿ ಒಂದು ಪಾಲು. ಅದರ ಹಳಿಯ ಅಗಲ 16.5 ಮಿ.ಮೀ. ಇದು ಯುರೋಪಿನ 1,435 ಮಿ.ಮೀ. ಹಳಿಗೆ ಸರಿಯಾದ ಅಳತೆ, ಮೀಟರ್‌ಗೇಜ್‌ಗೆ ಅಲ್ಲ. ಮೀಟರ್‌ಗೇಜ್‌ಗೆಂದೇ ಇರುವ 'ಎಚ್‌ಒಎಂ' ಹಳಿಯ ಅಗಲ 12 ಮಿ.ಮೀ. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ರೈಲುಗಳ ಅಭಿಮಾನಿಗಳಿಂದಾಗಿ ಈ ಹಳಿ ಮಾರುಕಟ್ಟೆಯಲ್ಲಿ ದೊರೆಯುತ್ತದೆ.

ಈ ನಾಲ್ಕೂವರೆ ಮಿಲಿಮೀಟರ್ ವ್ಯತ್ಯಾಸವನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಭಾರತದ ಮೀಟರ್‌ಗೇಜ್ ಬೋಗಿಯ ಅಗಲ ಸುಮಾರು 2.74 ಮೀಟರ್. ಅಂದರೆ ಬೋಗಿ ಹಳಿಗಿಂತ ಎರಡೂಮುಕ್ಕಾಲು ಪಟ್ಟು ಅಗಲ. ಕಿರಿದಾದ ಹಳಿಯ ಮೇಲೆ ಅಗಲವಾದ ಗಾಡಿ ತುಸು ಓಲಾಡುತ್ತ ಬರುತ್ತಿದ್ದ ಆ ನೋಟವೇ ಮೀಟರ್‌ಗೇಜ್‌ನ ಮುಖಲಕ್ಷಣ. 16.5 ಮಿ.ಮೀ. ಹಳಿಯ ಮೇಲೆ ಅದು ಸಂಪೂರ್ಣ ಅಳಿಸಿಹೋಗುತ್ತದೆ.

ಸ್ಥಳ ಕಡಿಮೆ ಇರುವವರು 120ರಲ್ಲಿ ಒಂದು ಪಾಲಿನ ಪ್ರಮಾಣವನ್ನು ಪರಿಶೀಲಿಸಬಹುದು. ಆ ಪ್ರಮಾಣದಲ್ಲಿ ಮೀಟರ್‌ಗೇಜ್ 8.3 ಮಿ.ಮೀ. ಆಗುತ್ತದೆ. ಜಗತ್ತಿನೆಲ್ಲೆಡೆ ಸುಲಭವಾಗಿ ಸಿಗುವ 9 ಮಿ.ಮೀ. 'ಎನ್' ಹಳಿ ಮತ್ತು ಅದರ ಮೋಟಾರುಗಳನ್ನು ಬಳಸಿದರೆ ತಪ್ಪು ಶೇ 8ರಷ್ಟು ಮಾತ್ರ. ನ್ಯೂಜಿಲೆಂಡಿನ ಹವ್ಯಾಸಿಗಳು ತಮ್ಮ 1,067 ಮಿ.ಮೀ. ಹಳಿಗೆ ಇದೇ ಜೋಡಣೆಯನ್ನು ಅನುಸರಿಸುತ್ತಾರೆ. ಮನೆಯ ಹಿತ್ತಿಲಲ್ಲಿ ಓಡಿಸಬಯಸುವವರಿಗೆ 22.5ರಲ್ಲಿ ಒಂದು ಪಾಲಿನ, 45 ಮಿ.ಮೀ. ಅಗಲದ 'ಜಿ' ಹಳಿ ಇದೆ. ಅದು ಮೂಲತಃ ಮೀಟರ್‌ಗೇಜ್‌ಗೆಂದೇ ರೂಪುಗೊಂಡದ್ದು.

ಸ್ಥಳ ಮತ್ತು ನಕ್ಷೆ

ಪ್ರಮಾಣ ನಿಶ್ಚಯವಾದ ಮೇಲೆ ಲೆಕ್ಕ ಸರಳ. 87ರ ಪ್ರಮಾಣದಲ್ಲಿ ಒಂದು ಕಿಲೋಮೀಟರ್ ಎಂದರೆ ಹನ್ನೊಂದೂವರೆ ಮೀಟರ್. ಆದ್ದರಿಂದ ಎರಡು ನಿಲ್ದಾಣಗಳ ನಡುವಿನ ದೂರವನ್ನು ಯಾವ ಮನೆಯಲ್ಲೂ ಯಥಾವತ್ತಾಗಿ ಕಟ್ಟಲಾಗದು. ಒಂದೇ ನಿಲ್ದಾಣವನ್ನು ನೆಮ್ಮದಿಯಾಗಿ ಕಟ್ಟಿ, ಮಿಕ್ಕ ಲೋಕವನ್ನು ತೆರೆಯ ಹಿಂದೆ ಇಡುವುದೇ ಜಾಣತನ.

ವೈಪಿ ಎಂಜಿನ್ ಟೆಂಡರ್ ಸೇರಿ ಸುಮಾರು 19 ಮೀಟರ್ ಉದ್ದ, ಮಾದರಿಯಲ್ಲಿ 22 ಸೆಂ.ಮೀ. ಬೋಗಿಯೂ ಹೆಚ್ಚುಕಡಿಮೆ ಅಷ್ಟೇ. ಎಂಜಿನ್ ಮತ್ತು ನಾಲ್ಕು ಬೋಗಿಗಳ ಗಾಡಿಗೆ ಸುಮಾರು 1.12 ಮೀಟರ್ ಬೇಕು. ಎದುರು ಗಾಡಿಗೆ ದಾರಿ ಬಿಡುವ ಲೂಪ್ ಹಳಿ, ಅದರ ಎರಡು ತುದಿಯ ಪಾಯಿಂಟ್‌ಗಳೂ ಸೇರಿದರೆ ನಿಲ್ದಾಣಕ್ಕೆ 1.7ರಿಂದ 1.8 ಮೀಟರ್ ಸಾಕು. ಗೋಡೆಯುದ್ದಕ್ಕೆ ಮೂರು ಮೀಟರ್ ಉದ್ದ, 45 ಸೆಂ.ಮೀ. ಅಗಲದ ಹಲಗೆಯಲ್ಲಿ ನಿಲ್ದಾಣವನ್ನು ಕೂರಿಸಿ, ಎರಡೂ ತುದಿಗಳಲ್ಲಿ ಗಾಡಿಗಳನ್ನು ಮರೆಯಾಗಿ ನಿಲ್ಲಿಸುವ ಹಳಿಗಳನ್ನು ಮುಂದುವರಿಸಬಹುದು. ಒಂದು ತುದಿ 'ಹುಬ್ಬಳ್ಳಿ', ಇನ್ನೊಂದು 'ಹರಿಹರ'. ಸುತ್ತು ಹೊಡೆಯುವ ಹಳಿಯೇ ಬೇಕೆಂದರೆ ತಿರುವಿನ ತ್ರಿಜ್ಯ 50 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಉದ್ದನೆಯ ಎಂಜಿನ್ ಹಳಿ ತಪ್ಪುತ್ತದೆ. ಏರು 50ಕ್ಕೆ 1ನ್ನು ಮೀರಬಾರದು.

ಹಲಗೆಗೆ 9 ಅಥವಾ 12 ಮಿ.ಮೀ. ಪ್ಲೈವುಡ್, ಅಡಿಗೆ ಒಣಗಿದ ಮರದ ಚೌಕಟ್ಟು. ಹಾನಗಲ್, ಹಿರೇಕೆರೂರುಗಳಂತಹ ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ. ಹಲಗೆಯ ಎರಡೂ ಮೈಗೆ ಹಾಗೂ ಅಂಚುಗಳಿಗೆ ವಾರ್ನಿಶ್ ಹಚ್ಚಬೇಕು. ಗೆದ್ದಲಿನ ಭಯವಿದ್ದಲ್ಲಿ ಕಾಲುಗಳು ಕಬ್ಬಿಣದವಾಗಿರಲಿ.

ಉಗಿಬಂಡಿ ಬೇಡುವ ವ್ಯವಸ್ಥೆ

ಡೀಸೆಲ್ ಕಾಲದ ನಿಲ್ದಾಣಕ್ಕೂ ಉಗಿಬಂಡಿ ಕಾಲದ ನಿಲ್ದಾಣಕ್ಕೂ ಇರುವ ಅಂತರ ಎಂಜಿನ್‌ನಲ್ಲಿ ಮಾತ್ರ ಇಲ್ಲ. ಉಗಿ ಎಂಜಿನ್‌ಗೆ ದಾರಿಯಲ್ಲಿ ನೀರು ಬೇಕು. ಆದ್ದರಿಂದ ಎತ್ತರದ ತೊಟ್ಟಿ, ಅಲ್ಲಿಂದ ಹಳಿಯ ಬದಿಗೆ ಬರುವ ಕೊಳವೆ, ತಿರುಗುವ ತೋಳಿನ ನೀರಿನ ಕಂಬ, ಅದರ ತುದಿಗೆ ಚರ್ಮ ಅಥವಾ ಕ್ಯಾನ್ವಾಸಿನ ಚೀಲ. ನೀರು ಹಿಡಿಯುವ ಹೊತ್ತಿಗೆ ಫೈರ್‌ಮನ್ ಕಲ್ಲಿದ್ದಲನ್ನು ಮುಂದೆ ಎಳೆಯುತ್ತಾನೆ, ಡ್ರೈವರ್ ಎಣ್ಣೆಡಬ್ಬಿ ಹಿಡಿದು ಇಳಿಯುತ್ತಾನೆ, ಪ್ರಯಾಣಿಕರು ಚಹಾ ಕುಡಿಯುತ್ತಾರೆ. ಬೂದಿ ಉದುರಿಸಲು ಹಳಿಯ ನಡುವೆ ಗುಂಡಿ ಇರುತ್ತಿತ್ತು. ಆದರೆ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್, ಕಲ್ಲಿದ್ದಲು ದಾಸ್ತಾನು, ದುರಸ್ತಿ ಶೆಡ್‌ಗಳು ಹುಬ್ಬಳ್ಳಿಯಂತಹ ದೊಡ್ಡ ಕೇಂದ್ರಗಳಿಗೆ ಸಲ್ಲುವಂಥವು. ನಡುವಿನ ಸಣ್ಣ ನಿಲ್ದಾಣದಲ್ಲಿ ಇವೆಲ್ಲವನ್ನೂ ತುಂಬಿದರೆ ಅದು ಅಂಗಡಿಯ ಕಪಾಟಿನಂತೆ ತೋರುತ್ತದೆ.

ಸಿಗ್ನಲ್‌ಗಳೂ ಆ ಕಾಲದವೇ ಆಗಿರಬೇಕು. ಕೈಕಂಬದ ತೋಳು ಅಡ್ಡವಾಗಿದ್ದರೆ ನಿಲ್ಲು, ಕೆಳಕ್ಕೆ ವಾಲಿದರೆ ಹೊರಡು. ನಿಲ್ದಾಣಕ್ಕೆ ದೂರದಲ್ಲಿ ಔಟರ್, ಸಮೀಪದಲ್ಲಿ ಹೋಮ್. ಇದ್ದದ್ದು ಒಂದೇ ಹಳಿ. ಎದುರುಬದುರು ಗಾಡಿಗಳು ಡಿಕ್ಕಿಯಾಗದಂತೆ ಟೋಕನ್ ಪದ್ಧತಿ. ಭಾರತದ ಏಕಹಳಿ ಮಾರ್ಗಗಳಲ್ಲಿ ವ್ಯಾಪಕವಾಗಿದ್ದ ನೀಲ್ಸ್ ಯಂತ್ರದಲ್ಲಿ ಆ ಟೋಕನ್ ಒಂದು ಲೋಹದ ಗುಂಡು. ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಬೆಸೆದಿದ್ದು, ಒಂದು ಗುಂಡು ಹೊರಗಿರುವಾಗ ಇನ್ನೊಂದು ಹೊರಬರುತ್ತಿರಲಿಲ್ಲ. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಹೊರಡಿಸುವಂತಿರಲಿಲ್ಲ. ಲೇಔಟಿನಲ್ಲಿಯೂ ಇಬ್ಬರು ಕುಳಿತು ಒಂದು ಗೋಲಿಯನ್ನು ಕೈಬದಲಿಸುತ್ತ ಗಾಡಿ ಓಡಿಸಿದರೆ, ಆಟಕ್ಕೂ ರೈಲ್ವೆಗೂ ಇರುವ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ.

ವೇಗದ ವಿಷಯದಲ್ಲಿ ಸಂಯಮ ಅಗತ್ಯ. ಗಂಟೆಗೆ 50 ಕಿ.ಮೀ. ವೇಗದ ಗಾಡಿ 87ರ ಪ್ರಮಾಣದಲ್ಲಿ ಒಂದು ಮೀಟರ್ ಸಾಗಲು ಸುಮಾರು ಆರು ಸೆಕೆಂಡ್ ತೆಗೆದುಕೊಳ್ಳಬೇಕು, 30 ಕಿ.ಮೀ. ವೇಗದ ಸರಕಿನ ಗಾಡಿ ಹತ್ತು ಸೆಕೆಂಡಿಗೂ ಹೆಚ್ಚು.

ಎಂಜಿನ್, ಬೋಗಿ ಮತ್ತು ವಿದ್ಯುತ್

ಮೀಟರ್‌ಗೇಜ್ ವೈಪಿ ಅಥವಾ ವೈಜಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವಲ್ಲ. ರೂಢಿಯ ಉಪಾಯವೆಂದರೆ ಸರಿಯಾದ ಗಾಲಿಜೋಡಣೆಗೆ ಹತ್ತಿರವಾದ, ಅದೇ ಹಳಿ ಅಗಲದ ವಿದೇಶಿ ಎಂಜಿನ್‌ನ ಕೆಳಭಾಗವನ್ನು ಉಳಿಸಿಕೊಂಡು, ಮೇಲ್ಭಾಗವನ್ನು ಹಿತ್ತಾಳೆ ತಗಡು, ಪ್ಲಾಸ್ಟಿಕ್ ಹಾಳೆ ಅಥವಾ ತ್ರೀಡಿ ಮುದ್ರಣದಿಂದ ರಚಿಸುವುದು. ವೈಪಿಯ ದೊಡ್ಡ ಗಾಲಿಯ ವ್ಯಾಸ 1,372 ಮಿ.ಮೀ., ಮಾದರಿಯಲ್ಲಿ ಸುಮಾರು 16 ಮಿ.ಮೀ. ವೈಜಿಯದು 1,219 ಮಿ.ಮೀ., ಮಾದರಿಯಲ್ಲಿ 14 ಮಿ.ಮೀ. ಈ ಎರಡು ಅಳತೆಗಳು ಸರಿಹೊಂದಿದರೆ ಎಂಜಿನ್‌ನ ನಿಲುವು ಸರಿಹೊಂದುತ್ತದೆ. ಮೊದಲ ಪ್ರಯತ್ನಕ್ಕೆ ಎಂಜಿನ್‌ಗಿಂತ ಸರಕಿನ ಡಬ್ಬಿಗಳು ಒಳಿತು. ನಾಲ್ಕು ಗೋಡೆಯ ಡಬ್ಬಿಯಲ್ಲಿ ಕೈ ಪಳಗುತ್ತದೆ.

ಸಾಮಾನ್ಯ ಲೇಔಟ್ 12 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಎಂಜಿನ್‌ಗಳನ್ನು ಏಕಕಾಲಕ್ಕೆ ಸ್ವತಂತ್ರವಾಗಿ ಓಡಿಸಲು ಡಿಜಿಟಲ್ ನಿಯಂತ್ರಣ ಬೇಕು. ಇದರಲ್ಲಿ ಎಂಜಿನ್‌ನೊಳಗಿನ ಚಿಪ್ ಉಗಿಯ ಸದ್ದನ್ನೂ ಸಿಳ್ಳೆಯನ್ನೂ ಹೊರಡಿಸಬಲ್ಲದು. ಪ್ರತಿ ಒಂದು ಮೀಟರಿಗೆ ಹಳಿಗೆ ಪ್ರತ್ಯೇಕ ತಂತಿ ಬೆಸೆದರೆ ವಿದ್ಯುತ್ ಕುಗ್ಗುವುದಿಲ್ಲ. ಬಯಲುಸೀಮೆಯ ಧೂಳು ಹಳಿಯ ಮೊದಲ ಶತ್ರು. ಓಡಿಸುವ ಮುನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಸಿದ ಬಟ್ಟೆಯಿಂದ ಹಳಿ ಒರೆಸುವುದು ರೂಢಿಯಾಗಬೇಕು.

ನೆಲ, ಬೆಳೆ ಮತ್ತು ಊರು

ಹಾವೇರಿ ಸೀಮೆಯ ಲೇಔಟ್ ತನ್ನ ಗುರುತನ್ನು ಪಡೆಯುವುದು ನೆಲದ ಬಣ್ಣದಿಂದ. ಸವಣೂರಿನ ಕಡೆಗೆ ಎರೆಭೂಮಿ. ಹತ್ತಿ, ಜೋಳ, ಮೆಣಸಿನಕಾಯಿ. ಹಾನಗಲ್ಲಿನ ಕಡೆಗೆ ಕೆರೆ, ಭತ್ತದ ಗದ್ದೆ, ಮಾವಿನ ತೋಪು. ಹಿನ್ನೆಲೆಯ ಪರದೆಯಲ್ಲಿ ಪಶ್ಚಿಮಕ್ಕೆ ಹಸಿರು, ಪೂರ್ವಕ್ಕೆ ಕಪ್ಪು ಬಯಲು ಬಂದರೆ ನೋಡುವವರು ಊರಿನ ಹೆಸರು ಕೇಳಬೇಕಾಗಿಲ್ಲ. ನಿಜವಾದ ಮಣ್ಣನ್ನೇ ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಬಳಸಬಹುದು. ಆದರೆ ಅದರ ಮೇಲೆ ಒಮ್ಮೆ ಅಯಸ್ಕಾಂತ ಆಡಿಸುವುದು ಕಡ್ಡಾಯ. ಮಣ್ಣಿನ ಕಬ್ಬಿಣದ ಕಣಗಳು ಎಂಜಿನ್‌ನ ಮೋಟಾರಿಗೆ ಅಂಟಿ ಅದನ್ನು ಕೆಡಿಸುತ್ತವೆ.

ಹಳಿಯ ಜಲ್ಲಿಗೆ ಜರಡಿ ಹಿಡಿದ ಕಲ್ಲುಪುಡಿ ಸಾಕು. ಅದನ್ನು ಹರಡಿ, ನೀರು ಸಿಂಪಡಿಸಿ, ಸಮಪ್ರಮಾಣದ ನೀರು ಬೆರೆಸಿದ ಫೆವಿಕಾಲ್‌ಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಹನಿಸಿದರೆ ಗಟ್ಟಿಯಾಗುತ್ತದೆ. ಒಣ ಹೀರೇಕಾಯಿಯ ನಾರು ಜಾಲಿಯ ಪೊದೆಯಾಗುತ್ತದೆ, ತೆಂಗಿನ ನಾರು ಜೋಳದ ಹೊಲವಾಗುತ್ತದೆ, ಒಣ ಕಡ್ಡಿಗಳು ಬೇವು ಹುಣಸೆಗಳ ಬೊಡ್ಡೆಯಾಗುತ್ತವೆ. ಸವಣೂರಿನ ದೊಡ್ಡಹುಣಸೆ ಮಠದ ಬೃಹತ್ ಮರಗಳನ್ನು ಮರೆಯುವಂತಿಲ್ಲ. ಇವು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಉಗಿಬಂಡಿ ಕಾಲದ ಲೇಔಟಿನಲ್ಲಿ ಮೂರೂ ನಿಂತಿರಬೇಕು.

ಯಲವಿಗಿಯಿಂದ ಹಾವೇರಿಗೆ ಬರುವ ಗಾಡಿ ವರದಾ ನದಿಯನ್ನು ದಾಟಲೇಬೇಕು. ಆದ್ದರಿಂದ ಲೇಔಟಿನ ಒಂದು ತುದಿಯಲ್ಲಿ ಸೇತುವೆ ಸಹಜ. ಮಾರ್ಗದ ನಿಲ್ದಾಣಗಳಿಗೆ ತಗ್ಗಾದ ಪ್ಲಾಟ್‌ಫಾರ್ಮ್, ಕಲ್ಲಿನ ಅಥವಾ ಸುಣ್ಣ ಬಳಿದ ಗೋಡೆ, ಮಂಗಳೂರು ಹೆಂಚಿನ ಮಾಡು ಒಪ್ಪುತ್ತವೆ. ಅಂಗಳದಲ್ಲಿ ಹತ್ತಿ ಅಂಡಿಗೆ ಹೇರಿದ ಚಕ್ಕಡಿಗಳು, ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು, ಸವಣೂರಿನ ವೀಳ್ಯದೆಲೆಯ ಬುಟ್ಟಿಗಳು, ಹಾನಗಲ್ಲಿಗೆ ಹೊರಡುವ ಬಸ್ಸು. ಜನರ ಭಂಗಿ, ಉಡುಗೆ, ಎತ್ತಿನ ಸಜ್ಜುಗಳನ್ನು ಗಮನಿಸಲು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಉತ್ತಮ ಪಾಠಶಾಲೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ಕಾಣಬಹುದು.

ಮಾಹಿತಿ ಎಲ್ಲಿ?

ಹುಬ್ಬಳ್ಳಿಯಲ್ಲಿ 2020ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯ ಮತ್ತು ಮೈಸೂರಿನಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯಗಳು ಮೊದಲ ಆಕರಗಳು. ಅಳತೆಪಟ್ಟಿ ಮತ್ತು ಕ್ಯಾಮೆರಾ ಜೊತೆಗಿರಲಿ. ಮೀಟರ್‌ಗೇಜ್ ಉಗಿಬಂಡಿಯ ಸದ್ದು, ವಾಸನೆ, ಏರಿನಲ್ಲಿ ಅದರ ಏದುಸಿರು ಇವನ್ನು ಅನುಭವಿಸಲು ನೀಲಗಿರಿ ಪರ್ವತ ರೈಲ್ವೆಗೆ ಹೋಗಬಹುದು. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಮಾರ್ಗದ ಹಳಿ ಇಂದಿಗೂ ಒಂದು ಮೀಟರ್ ಅಗಲದ್ದೇ. ಹಳೆಯ ನಿಲ್ದಾಣಗಳ ಅವಶೇಷ ಹುಡುಕಿ ಹಳಿಯ ಮೇಲೆ ನಡೆಯುವುದು ಮಾತ್ರ ಸಲ್ಲದು. 1989ರ ರೈಲ್ವೆ ಕಾಯ್ದೆಯಡಿ ಅದು ಅಪರಾಧ, ಅಪಾಯಕರವೂ ಹೌದು.

ಎಲ್ಲಕ್ಕಿಂತ ಮುಖ್ಯವಾದ ಆಕರ ಮನುಷ್ಯರು. ಯಾವ ನಿಲ್ದಾಣದಲ್ಲಿ ನೀರಿನ ಕಂಬವಿತ್ತು, ಗೋದಾಮು ಹಳಿಯ ಯಾವ ಬದಿಗಿತ್ತು, ಸುಗ್ಗಿಯಲ್ಲಿ ಚಕ್ಕಡಿಗಳು ಎಲ್ಲಿಯವರೆಗೆ ಸಾಲುಗಟ್ಟುತ್ತಿದ್ದವು ಎಂಬ ವಿವರ ಪುಸ್ತಕಗಳಲ್ಲಿ ಸಿಗುವುದು ವಿರಳ. ನಿವೃತ್ತ ಡ್ರೈವರ್, ಫೈರ್‌ಮನ್, ಗ್ಯಾಂಗ್‌ಮನ್, ಹಮಾಲ, ದಲಾಲಿ ಅಂಗಡಿಯ ಗುಮಾಸ್ತರಿಗೆ ಅದು ಗೊತ್ತು. ಅವರಲ್ಲಿ ಉಗಿಬಂಡಿಯ ಮೇಲೆ ದುಡಿದ ಅತ್ಯಂತ ಕಿರಿಯರೂ ಈಗ ವೃದ್ಧರು. ದೇಶದಲ್ಲಿ ಬ್ರಾಡ್‌ಗೇಜ್ ಉಗಿಬಂಡಿಗಳ ನಿತ್ಯಸೇವೆ 1995ರಲ್ಲೇ ಕೊನೆಗೊಂಡಿತು. ಕರ್ನಾಟಕದಲ್ಲಿ ಮೀಟರ್‌ಗೇಜ್ ಪ್ರಯಾಣಿಕ ಗಾಡಿ ಒಂದೂ ಉಳಿದಿಲ್ಲ. ಆದ್ದರಿಂದ ಪ್ಲೈವುಡ್ ಕೊಯ್ಯುವ ಮೊದಲು ಒಂದು ನೋಟ್‌ಬುಕ್ ಕೊಳ್ಳುವುದು ಒಳ್ಳೆಯದು. ಹಲಗೆ, ಹಳಿ, ಮೋಟಾರುಗಳು ಮುಂದಿನ ವರ್ಷವೂ ಸಿಗುತ್ತವೆ. ಆ ಹಿರಿಯರ ನೆನಪಿನ ನಕ್ಷೆಗೆ ಆ ಭರವಸೆ ಇಲ್ಲ.